ಹನ್ನೆರಡನೆಯ ಜಗಲಿ

ಆ ಊರಿನಲ್ಲಿ ಊದದೆ, ಬಡಿಯದೆ, ಹಾಡದೆ ಏನೂ ಆಗುತ್ತಿರಲಿಲ್ಲ.

ಕೂಸು ಹೊಟ್ಟೆಯಿಂದ ಹೊರಗೆ ಬಿದ್ದು ಎಷ್ಟೇ ಕಿರುಚಲಿ, ತೊಟ್ಟಿಲ ಹಾಡಿನವಳು ಬಂದು ಹಾಡುವ ತನಕ ಅದು ಹುಟ್ಟಿದ ಹಾಗಲ್ಲ. ತಾಳಿ ಕಟ್ಟಿ ಅಕ್ಷತೆ ಹಾಕಿದರೂ ಡೋಲಿನವನ ಕೈ ಡೋಲಿಗೆ ಬೀಳುವ ತನಕ ಮದುವೆಯಲ್ಲ. ತೀರ್ಪು ಓದಿ ಮುಗಿಸಿದರೂ ಕೊಂಬಿನವನು ಕೊಂಬು ಎತ್ತುವ ತನಕ ಕಳ್ಳ ಕಳ್ಳನಲ್ಲ, ಸಾಚಾ ಸಾಚಾನಲ್ಲ. ಅಷ್ಟೇಕೆ, ಬೆಳಗಾಗಬೇಕಾದರೂ ಬೆಳಗಿನ ಕೊಳಲಿನವನು ಬಂಡೆ ಹತ್ತಿ ಊದಬೇಕು. ಅವನಿಗೆ ನೆಗಡಿಯಾದ ದಿನ ಸೂರ್ಯ ನೆತ್ತಿಗೆ ಬರುವ ಹೊತ್ತಾದರೂ ಊರಿಗೆ ಬೆಳಗಾಗುತ್ತಿರಲಿಲ್ಲ. ಜನ ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತ ಅವನ ಮೂಗಿಗೆ ಶಾಪ ಹಾಕುತ್ತಿದ್ದರು.

ಸಾವೂ ಹಾಗೆಯೇ. ಉಸಿರು ನಿಂತ ಮಾತ್ರಕ್ಕೆ ಸಾವಾಗುತ್ತದೆಯೇ? ಮೌರಿಯವಳು ಬರಬೇಕು. ಮೊಳದುದ್ದದ ಕೊಳವೆ, ತುಟಿಗೆ ಓಲೆಯ ಪೀಪಿ, ಆ ತುದಿಗೆ ಹಿತ್ತಾಳೆಯ ಅಗಲ ಬಾಯಿ, ಇದು ಮೌರಿ. ಅದರ ಬಾಯನ್ನು ಹೆಣದ ಕಡೆ ತಿರುಗಿಸಿ ಅವಳು ಸಾವಿನ ಸುತ್ತು ಊದಬೇಕು. ಮೊದಲನೆಯ ಸುತ್ತಿಗೆ ಹೆಣದ ಮುಷ್ಟಿ ಸಡಿಲುತ್ತದೆ. ಎರಡನೆಯದಕ್ಕೆ ಕಣ್ಣು ಮುಚ್ಚುತ್ತದೆ. ಮೂರನೆಯದಕ್ಕೆ ತಲೆ ಎದೆಯ ಮೇಲೆ ಬಾಗುತ್ತದೆ. ಆಗ ಮನೆಯವರು ಗೊಳೋ ಎಂದು ಅಳಬಹುದು. ಅಲ್ಲಿಯ ತನಕ ಅತ್ತರೆ ಅಪಶಕುನ.

ಇಷ್ಟೆಲ್ಲ ಆಗಿಸುವವರು ಇದ್ದದ್ದು ಓಲಗದ ಓಣಿಯಲ್ಲಿ. ಓಣಿಗೆ ಒಂದೇ ಬಾಯಿ. ಅದು ದೊಡ್ಡ ಬೀದಿಗೆ ತೆರೆಯುತ್ತಿತ್ತು. ಇನ್ನೊಂದು ತುದಿಗೆ ಬೋಳು ಬಂಡೆ. ದೊಡ್ಡ ಬೀದಿಯಲ್ಲಿ ಹದಿನೈದು ಮನೆ, ಹದಿನೈದು ಯಜಮಾನರು, ಒಬ್ಬೊಬ್ಬರ ಸೊಂಟದಲ್ಲೂ ಒಂದೊಂದು ಬೀಗದ ಕೈ ಗೊಂಚಲು. ಆ ಮನೆಗಳಲ್ಲಿ ಏನಾದರೂ ಆಗಬೇಕಿದ್ದರೆ ಹದಿನೈದನೆಯ ಮನೆಯ ಯಜಮಾನ, ಬೀದಿಯ ಕಾರುಬಾರು ನೋಡುವ ಪಾರುಪತ್ಯಗಾರ, ತಟ್ಟೆಯಲ್ಲಿ ವೀಳ್ಯ ತಂದು ಓಣಿಯ ಬಾಯಲ್ಲಿದ್ದ ಚಪ್ಪಡಿ ಕಲ್ಲಿನ ಮೇಲೆ ಇಡುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ. ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಬೇಕಾದವರ ಹೆಸರು ಹಿಡಿಯದೆ ಬರೀ "ಡೋಲೂ" ಎಂದೋ "ಕೊಂಬೂ" ಎಂದೋ ಕೂಗುತ್ತಿದ್ದ. ಕೂಗಿಸಿಕೊಂಡವರು ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡು, ಬಾಯಿ ಕೆಂಪಾದ ಮೇಲೆ ಹೊರಡಬೇಕು. ವೀಳ್ಯವಿಲ್ಲದೆ ಊದಿದ್ದು ಬರೀ ಗಾಳಿ. ವೀಳ್ಯವಿಲ್ಲದೆ ಬಡಿದದ್ದು ಬರೀ ತೊಗಲು.

ಈಗ ಕಟ್ಟಳೆಯ ತಿರುಳಿಗೆ ಬನ್ನಿ. ವೀಳ್ಯ ತೆಗೆದುಕೊಂಡ ಕೈ ವೀಳ್ಯ ಕೊಡುವಂತಿಲ್ಲ. ಓಣಿಯವರೆಲ್ಲರೂ ತೆಗೆದುಕೊಂಡವರೇ. ಅಂದ ಮೇಲೆ ಓಣಿಯವರಿಗೆ ಕೊಡುವವರು ಯಾರು? ಯಾರೂ ಇಲ್ಲ. ಹಾಗಾಗಿ ಓಲಗದ ಓಣಿಯಲ್ಲಿ ಯಾರೂ ಹುಟ್ಟಿರಲಿಲ್ಲ, ಯಾರಿಗೂ ಮದುವೆಯಾಗಿರಲಿಲ್ಲ, ಯಾರೂ ಸತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಆ ಕತ್ತಲೆಯಲ್ಲೇ ಅವರು ಅಡುಗೆ ಮಾಡಿಕೊಂಡು ಉಂಡು ಮಲಗುತ್ತಿದ್ದರು.

ಮೌರಿಯವಳು ಮತ್ತು ಡೋಲಿನವನು ಒಂದೇ ಸೂರಿನ ಕೆಳಗೆ ಇಪ್ಪತ್ತು ವರ್ಷ ಬಾಳಿದ್ದರು. ಊರಿನ ಲೆಕ್ಕದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಏನೂ ಆಗಿರಲಿಲ್ಲ. ಡೋಲಿನವನು ತಮಾಷೆಗಾರ. "ನೋಡಮ್ಮಿ, ಎಂದಾದರೂ ನಮ್ಮ ಮದುವೆ ಆದರೆ ಡೋಲಿಗೆ ಒಳ್ಳೆಯವನನ್ನೇ ಕರೆಸಬೇಕು," ಎನ್ನುತ್ತಿದ್ದ. "ನನ್ನಂಥ ಕೈ ಸಿಗೋದು ಕಷ್ಟ."

"ನಿನ್ನ ಕೈ ನೋಡಿದ್ದೀನಿ, ಬಿಡು," ಎನ್ನುತ್ತಿದ್ದಳು ಅವಳು. "ಮೊದಲು ಆ ಕೈ ತೊಳಕೊಂಡು ಉಣ್ಣೋಕೆ ಬಾ."

ಅವಳ ಸಂಕಟ ಮದುವೆಯದಲ್ಲ. ಅವಳ ಸಂಕಟ ಜಗಲಿಯ ಮೇಲೆ ಕೂತಿತ್ತು.

ಓಣಿಯ ಮುದುಕರು ಉಸಿರು ನಿಂತ ಮೇಲೆ ಎಲ್ಲಿ ಕೂತಿದ್ದರೋ ಅಲ್ಲೇ ಕೂತಿರುತ್ತಿದ್ದರು. ಕೊಳೆಯುತ್ತಿರಲಿಲ್ಲ, ಬೀಳುತ್ತಿರಲಿಲ್ಲ. ಬೇರು ಬಿಟ್ಟ ಹಾಗೆ ಭಾರವಾಗಿರುತ್ತಿದ್ದರು, ಹತ್ತು ಜನ ಹಿಡಿದರೂ ಎತ್ತಲಾಗುತ್ತಿರಲಿಲ್ಲ. ಸೊಸೆಯರು ಬೆಳಗಾಗೆದ್ದು ಜಗಲಿ ಸಾರಿಸುವಾಗ ಅವರ ಸುತ್ತ ಸಾರಿಸುತ್ತಿದ್ದರು. ಹೀಗೆ ಓಣಿಯ ಹನ್ನೆರಡು ಜಗಲಿಗಳ ಮೇಲೆ ಹನ್ನೆರಡು ಜನ ಕೂತಿದ್ದರು. ಓಣಿಯ ಬಾಯಲ್ಲಿ ಮೊದಲನೆಯ ಜಗಲಿ ಶಂಖದಜ್ಜನದು. ಬಂಡೆಗೆ ಆತುಕೊಂಡಿದ್ದ ಕಟ್ಟಕಡೆಯ ಹನ್ನೆರಡನೆಯ ಜಗಲಿ ಮೌರಿಯವಳ ಅಪ್ಪನದು.

ಅಪ್ಪ ನಲವತ್ತು ವರ್ಷ ಮೌರಿ ಊದಿದವನು. ದೊಡ್ಡ ಬೀದಿಯ ಎರಡು ತಲೆಮಾರನ್ನು ಸಾಯಿಸಿಕೊಟ್ಟವನು. ಮೂರು ಸುಗ್ಗಿಯ ಹಿಂದೆ ಪೀಪಿಯ ಓಲೆ ಕೊಯ್ಯುತ್ತ ಕೂತಿದ್ದಾಗಲೇ ಅವನ ಉಸಿರು ನಿಂತಿತ್ತು. ಅಂದಿನಿಂದ ಮಗಳು ಬಾಗಿಲು ದಾಟಿದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದ.

"ಊದಿದರೇನವ್ವಾ?"

"ಇನ್ನೂ ಇಲ್ಲಪ್ಪಾ."

"ಸರಿ. ಬೆನ್ನು ನೋಯ್ತದೆ, ಅದಕ್ಕೇ ಕೇಳಿದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯುತ್ತಿರಲಿಲ್ಲ.

ಒಮ್ಮೆ ಅವಳು ದೊಡ್ಡಮನೆಯ ಯಜಮಾನನ ಮುಂದೆ ಹೋಗಿ ಕೈಮುಗಿದು ನಿಂತಳು. "ಬುದ್ಧಿ, ನಮ್ಮಪ್ಪ ನಿಮ್ಮ ಅಪ್ಪಾರಿಗೆ ಊದಿದವನು, ನಿಮ್ಮ ಅವ್ವಾರಿಗೆ ಊದಿದವನು. ಅವನ ಹೆಸರಲ್ಲಿ ಒಂದು ವೀಳ್ಯ ಇಡಿಸಿ. ಊದೋದು ನಾನೇ ಊದ್ತೀನಿ. ನಿಮಗೆ ಎರಡು ಎಲೆ, ಒಂದು ಅಡಿಕೆ, ಅಷ್ಟೇ."

ಯಜಮಾನ ಮೊದಲು ಅವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. "ಓಲಗದವರಿಗೆ ಓಲಗವೇ? ಕೇಳಿದಿರೇನ್ರೋ! ಮಳೆಗೆ ಕೊಡೆ ಹಿಡೀಬೇಕಂತೆ!" ಪಕ್ಕದಲ್ಲಿದ್ದ ಪಾರುಪತ್ಯಗಾರನೂ ನಕ್ಕ. ನಗುವುದು ಅವನ ಕೆಲಸವಾಗಿತ್ತು.

ಅದಾದ ಹದಿನೈದನೆಯ ದಿನಕ್ಕೆ ಆ ಯಜಮಾನನದೇ ಉಸಿರು ನಿಂತಿತು.

ಪಾರುಪತ್ಯಗಾರ ವೀಳ್ಯ ಇಟ್ಟು "ಮೌರೀ" ಎಂದು ಕೂಗಿದ. ಅವಳು ಎತ್ತಿಕೊಂಡಳು, ಜಗಿದಳು, ಬಾಯಿ ಕೆಂಪಾಯಿತು. ದೊಡ್ಡಮನೆಯ ಅಂಗಳದ ಚಪ್ಪರದೊಳಗೆ ಹೋಗಿ ನಿಂತಳು. ಊದುವವರು ಚಪ್ಪರದಿಂದ ಆಚೆ ಕಾಲಿಡುವಂತಿಲ್ಲ, ಅದೂ ಕಟ್ಟಳೆ. ಎದುರಿಗೆ ಹೆಣ. ಬೆನ್ನಿಗೆ ಬೀದಿ, ಬೀದಿಯಾಚೆ ನೇರಕ್ಕೆ ಓಣಿಯ ಬಾಯಿ, ಓಣಿಯ ತುದಿಯಲ್ಲಿ ಬೆನ್ನು ನೋಯುತ್ತ ಕೂತ ಅಪ್ಪ. ಪೀಪಿ ತುಟಿಗಿಟ್ಟಾಗ ಅವಳಿಗೆ ಆ ನಗು ಮತ್ತೆ ಕೇಳಿಸಿತು. ಮೈ ಉರಿದುಹೋಯಿತು. ಬಾಯಲ್ಲಿ ವೀಳ್ಯದ ಕೆಂಪು ಇದೆ. ಯಾವ ಕಡೆ ತಿರುಗಿಸಬೇಕೆಂದು ಮೌರಿಗೆ ಹೇಳುವವಳು ತಾನೇ ಅಲ್ಲವೇ?

ಮೌರಿಯವಳು ಹಿಂದಕ್ಕೆ ತಿರುಗಿದಳು. ಓಣಿಯ ಕಡೆಗೆ ಬಾಯಿ ಮಾಡಿ, ಅಪ್ಪನನ್ನು ನೆನೆದು, ಮೂರು ಸುತ್ತು ಊದಿದಳು.

ಆದರೆ ಎಂಥ ತಪ್ಪು ಮಾಡಿದಳು ನೋಡಿ. ಕಸುಬಿನ ಮನೆಯಲ್ಲಿ ಬೆಳೆದು, ನಾದ ಮೊದಲು ಹತ್ತಿರದ ಕಿವಿಗೆ ಹೋಗುತ್ತದೆ ಅನ್ನುವ ಅಆಇಈ ಮರೆತಳು. ನಾದಕ್ಕೆ ನಿನ್ನಪ್ಪ ಯಾರು, ಪಕ್ಕದ ಮನೆಯಜ್ಜ ಯಾರು? ಅದು ಓಣಿಯ ಬಾಯಿಗೆ ಹೋದದ್ದೇ ಮೊದಲನೆಯ ಜಗಲಿಯ ಶಂಖದಜ್ಜನಿಗೆ ತಗುಲಿತು. ಅಜ್ಜನ ಮುಷ್ಟಿ ಸಡಿಲಿತು, ಕಣ್ಣು ಮುಚ್ಚಿತು, ತಲೆ ಬಾಗಿತು. ಹನ್ನೊಂದು ವರ್ಷ ಅವನ ಸುತ್ತ ಸಾರಿಸಿದ್ದ ಸೊಸೆ ಪೊರಕೆ ಬಿಸಾಡಿ, "ಅಯ್ಯೋ, ನಮ್ಮ ಮಾವ ಸತ್ತ! ಕೊನೆಗೂ ಸತ್ತ!" ಎಂದು ಸಂತೋಷ ತಡೆಯಲಾರದೆ ಅತ್ತಳು.

ಇತ್ತ ಚಪ್ಪರದಲ್ಲಿ ಯಜಮಾನನ ಹೆಣ ಎದ್ದು ಕೂತಿತು.

"ಯಾವನೋ ಅವನು ನನ್ನ ಬೀಗದ ಕೈಗೆ ಕೈ ಹಾಕಿದ್ದು?" ಎಂದಿತು.

ಗೊಂಚಲು ಆಗಲೇ ಹಿರಿಯ ಮಗನ ಸೊಂಟಕ್ಕೆ ಹೋಗಿತ್ತು. ಅವನು ಬಿಚ್ಚಿ ಕೊಟ್ಟ. ಯಜಮಾನ ಅದನ್ನು ಎಣಿಸಿಕೊಂಡು, ಕುರ್ಚಿ ತರಿಸಿ, ತಲೆಬಾಗಿಲಲ್ಲಿ ಹಾಕಿಸಿಕೊಂಡು ಕೂತು ಅಲ್ಲೇ ಬೇರು ಬಿಟ್ಟ. ಉಸಿರಿಲ್ಲ, ಹಸಿವಿಲ್ಲ, ಕೆಮ್ಮಿಲ್ಲ. ಕುರ್ಚಿಯಿದೆ, ಬೀಗದ ಕೈಯಿದೆ. ದೊಡ್ಡ ಬೀದಿಯಲ್ಲಿ ಈ ತನಕ ಯಾವ ಹೆಣವೂ ಊದಿಸಿಕೊಳ್ಳದೆ ಅರ್ಧ ದಿನ ಕಳೆದಿರಲಿಲ್ಲ. ಹಾಗಾಗಿ ಸಾವಾಗದೆ ಉಳಿದರೆ ಇಷ್ಟೊಂದು ಸುಖವಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಓಣಿಯಲ್ಲಿ ಯಾವುದು ಶಾಪವೋ ಬೀದಿಯಲ್ಲಿ ಅದೇ ವರವಾಯಿತು.

ಮೌರಿಯವಳು ಕೈಮುಗಿದು, "ತಪ್ಪಾಯ್ತು ಬುದ್ಧಿ," ಎಂದಳು.

"ತಪ್ಪೇ ಇರಲಿ," ಎಂದ ಯಜಮಾನ. "ಒಳ್ಳೇ ತಪ್ಪು. ನಮ್ಮವರೆಲ್ಲರಿಗೂ ಇದೇ ತಪ್ಪು ಮಾಡು." ಅವಳಿಗೆ ಒಂದು ಶಾಲು ಹೊದಿಸಿದರು. ಪಾರುಪತ್ಯಗಾರ ಅದನ್ನು ಕೋಲಿನ ತುದಿಯಿಂದ ಹೊದಿಸಿದ.

ಅವಳು ಶಾಲು ಹೊದ್ದು ಓಣಿಗೆ ಬಂದರೆ ಓಣಿಗೆ ಓಣಿಯೇ ಎದುರುಗೊಂಡಿತು. ಶಂಖದಜ್ಜನ ಸೊಸೆ ಕಾಲಿಗೆ ಬಿದ್ದಳು. ಎರಡನೆಯ ಜಗಲಿಯವರು, "ಮುಂದಿನದು ನಮ್ಮತ್ತೆ ಅಲ್ಲವೇ? ಲೆಕ್ಕ ತಪ್ಪಬೇಡ ತಾಯಿ," ಎಂದರು. ಶಂಖದಜ್ಜ ಹತ್ತಿಯ ಮೂಟೆಯ ಹಾಗೆ ಹಗುರವಾಗಿದ್ದ. ಇಬ್ಬರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದರು. ಓಣಿಯಲ್ಲಿ ಮಣ್ಣಾದ ಮೊದಲನೆಯ ಮನುಷ್ಯ ಅವನು.

ಮೌರಿಯವಳು ಜಗಲಿಯ ಮೇಲೆ ಕೂತು ಬೆರಳು ಮಡಿಸಿದಳು. ಬೀದಿಯಲ್ಲಿ ಹದಿನೈದು ಮನೆ. ಓಣಿಯಲ್ಲಿ ಹನ್ನೆರಡು ಜಗಲಿ. ಹನ್ನೆರಡನೆಯ ಸಲ ಅಪ್ಪನದು. "ಇನ್ನು ಹತ್ತು ಜನ ಅಪ್ಪಾ, ಆಮೇಲೆ ನೀನು," ಎಂದಳು.

"ಸರಿ," ಎಂದ ಅಪ್ಪ. "ಮೂರನೇ ಸುತ್ತು ಸ್ವಲ್ಪ ಅವಸರ ಆಯ್ತು. ಇಲ್ಲಿಗೆ ಕೇಳಿಸ್ತು."

ಡೋಲಿನವನೂ ಬೆರಳು ಮಡಿಸಿದ. "ಹದಿನೈದರಲ್ಲಿ ಹನ್ನೆರಡು ಹೋದರೆ ಮೂರು ಉಳೀತು. ಅದರಲ್ಲಿ ಒಂದು ನಮ್ಮ ಮದುವೆಗೆ ಇಟ್ಟುಕೊಳ್ಳೋಣವೇನಮ್ಮಿ?"

"ಸಾವಿನ ಸುತ್ತಿನಲ್ಲಿ ಮದುವೆಯೇ? ಬಿಡ್ತು ಅನ್ನು," ಎಂದು ಅವನ ಬೆನ್ನಿಗೊಂದು ಗುದ್ದಿದಳು. ಆ ದಿನ ಇಬ್ಬರೂ ತುಂಬಾ ನಕ್ಕರು.

ದೊಡ್ಡ ಬೀದಿಯ ಯಜಮಾನರು ಒಬ್ಬರ ಹಿಂದೆ ಒಬ್ಬರು ಉಸಿರು ಬಿಟ್ಟರು. ಒಬ್ಬರ ಹಿಂದೆ ಒಬ್ಬರು ಎದ್ದು ಕೂತರು. ವೀಳ್ಯ ಬಂತು, ಬಾಯಿ ಕೆಂಪಾಯಿತು, ಮೌರಿ ಹಿಂದಕ್ಕೆ ತಿರುಗಿತು, ಓಣಿಯಲ್ಲಿ ಒಂದು ತಲೆ ಬಾಗಿತು, ಬೀದಿಯಲ್ಲಿ ಒಂದು ಕುರ್ಚಿ ಬಂತು. ಮತ್ತೆ ವೀಳ್ಯ ಬಂತು, ಮತ್ತೆ ಬಾಯಿ ಕೆಂಪಾಯಿತು. ಏಳು ಸಲ ಹೀಗೆ ನಡೆಯಿತು. ಏಳು ಜಗಲಿ ಬರಿದಾದವು. ಸೊಸೆಯರು ಅಡ್ಡಿಯಿಲ್ಲದೆ ಸಾರಿಸಿದರು. ಅಪ್ಪನಿಗೂ ಮೌರಿಗೂ ನಡುವೆ ಇನ್ನು ನಾಲ್ಕೇ ಜನ.

ಅಷ್ಟು ಹೊತ್ತಿಗೆ ಓಣಿಯಲ್ಲಿ ಬೇರೆಯದೇ ಒಂದು ಸದ್ದು ಶುರುವಾಗಿತ್ತು. ಸದ್ದೆಂದರೆ, ಸದ್ದಿಲ್ಲದ್ದು.

ಯಜಮಾನರು ಕುರ್ಚಿ ಬಿಟ್ಟು ಏಳದಿದ್ದ ಮೇಲೆ ಮಕ್ಕಳಿಗೆ ಬೀಗದ ಕೈ ಎಲ್ಲಿಂದ ಬರಬೇಕು? ಬೀಗದ ಕೈ ಇಲ್ಲದವನಿಗೆ ಹೆಣ್ಣು ಕೊಡುವವರು ಯಾರು? ಮದುವೆಗಳು ನಿಂತವು. "ಡೋಲೂ" ಎಂದು ಕೂಗುವವರಿಲ್ಲ. ಮದುವೆ ಇಲ್ಲದಿದ್ದ ಮೇಲೆ ಕೂಸೆಲ್ಲಿ? ತೊಟ್ಟಿಲ ಹಾಡಿನವಳು ತನ್ನ ಬಾಗಿಲಲ್ಲಿ ಕೂತು ಓಣಿಯ ಬೆಕ್ಕಿಗೆ ಹಾಡತೊಡಗಿದಳು. ನ್ಯಾಯಸ್ಥಾನದ ಯಜಮಾನನೂ ಈಗ ಸಾಯದವನೇ. ಅವನಿಗೆ ಯಾವ ಅವಸರ? ತೀರ್ಪು ಕೊಡದೆ ಬರೀ ಕೇಳುತ್ತ ಕೂತ. ಕೊಂಬಿನವನ ಕೊಂಬಿನಲ್ಲಿ ಕಣಜ ಗೂಡು ಕಟ್ಟಿತು. ದೊಡ್ಡ ಮನೆಗಳ ಹುಡುಗಿಯರಿಗೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಹಾಡು ಕಲಿಸುತ್ತಿದ್ದ ಪಾಠದಕ್ಕ, ನೋಡಲು ಬರುವವರೇ ಇಲ್ಲದೆ ಪಾಠ ಕಳೆದುಕೊಂಡಳು.

ಕೊನೆಗೆ ಬೆಳಗಿನ ಕೊಳಲಿನವನನ್ನೂ ಕರೆಸಿ ಹೇಳಿದರು: "ಇನ್ನು ಊದಬೇಡ. ನಮಗೆ ನಾಳೆ ಯಾಕೆ ಬೇಕು? ಇವತ್ತೇ ಚೆನ್ನಾಗಿದೆ." ಅವನು ಕೊಳಲನ್ನು ಕಂಕುಳಲ್ಲಿಟ್ಟುಕೊಂಡು ಬಂಡೆಯಿಂದ ಇಳಿದುಬಂದ. ಅಂದಿನಿಂದ ಊರಿಗೆ ಬೆಳಗಾಗಲಿಲ್ಲ, ರಾತ್ರಿಯೂ ಆಗಲಿಲ್ಲ. ಒಂದೇ ಒಂದು ಇಳಿಹೊತ್ತು, ಕಲಗಚ್ಚಿನ ಬಣ್ಣದ್ದು, ಹಾಗೇ ನಿಂತುಬಿಟ್ಟಿತು. ಯಜಮಾನರ ಮಕ್ಕಳು ಸ್ವಲ್ಪ ಕಾಲ ಕಾದರು. ಅಪ್ಪಂದಿರ ಮುಖ ನೋಡಿ ನೋಡಿ ಸಾಕಾಗಿ ಬುತ್ತಿ ಕಟ್ಟಿಕೊಂಡು ಊರು ಬಿಟ್ಟರು. ಅವರ ಹಿಂದೆಯೇ ಓಣಿಯ ಕೈಕಾಲು ಗಟ್ಟಿಯಿದ್ದವರೂ ಮಕ್ಕಳುಮರಿ ಕಟ್ಟಿಕೊಂಡು ಹೊರಟುಹೋದರು.

ಹೋಗಲಾರದವರು ಉಳಿದರು. ಉಳಿದವರಲ್ಲಿ ಮೌರಿಯವಳೊಬ್ಬಳಿಗೆ ಕೆಲಸ, ವೀಳ್ಯದ ಜೊತೆ ಬರುವ ಅಕ್ಕಿಯೂ ಅವಳೊಬ್ಬಳಿಗೆ. ಅವಳ ಒಲೆಯಿಂದ ಮಾತ್ರ ಹೊಗೆ ಏಳುತ್ತಿತ್ತು. ಅವಳು ದೊಡ್ಡ ಗಡಿಗೆಯಲ್ಲಿ ಗಂಜಿ ಕಾಯಿಸಿ ಮನೆಮನೆಗೆ ಹಂಚುತ್ತಿದ್ದಳು. ಒಬ್ಬಳ ಮೌರಿಯಲ್ಲಿ ಎಷ್ಟು ಹೊಟ್ಟೆ ತುಂಬಿಯಾವು?

ತೊಟ್ಟಿಲ ಹಾಡಿನವಳ ಮನೆ ಓಣಿಯಲ್ಲಿ ಮೂರನೆಯದು. ಮೌರಿಯವಳು ಗಂಜಿ ತೆಗೆದುಕೊಂಡು ಹೋದಾಗ ಅವಳು ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಖ ಎತ್ತಿ ಕೇಳಿದಳು: "ಊದಿದರೇನಕ್ಕಾ?"

ಗಂಜಿಯ ತಟ್ಟೆ ಮೌರಿಯವಳ ಕೈಯಿಂದ ಬಿತ್ತು. ಗೆಳತಿ ಹೋದಳೆಂಬ ದುಃಖ ಒಂದು ಕಡೆ. ಇನ್ನೊಂದು ಕಡೆ, ಹೇಳಬಾರದು, ಆದರೂ ಹೇಳಬೇಕು, ಅವಳ ಮನಸ್ಸು ಆಗಲೇ ಬೆರಳು ಮಡಿಸಿತ್ತು. ಮೂರನೆಯ ಮನೆ. ಓಣಿಯ ಬಾಯಿಗೆ ಹತ್ತಿರ. ಮುಂದಿನ ಸುತ್ತು ಇವಳ ಪಾಲು. ಅಪ್ಪ ಹನ್ನೆರಡನೆಯವನಲ್ಲ, ಹದಿಮೂರನೆಯವನು.

ಮುಂದಿನ ಸುತ್ತಿಗೆ ತೊಟ್ಟಿಲ ಹಾಡಿನವಳ ತಲೆ ಬಾಗಿತು. ಅದಾಗಿ ಎರಡು ವೀಳ್ಯ ಕಳೆಯುವಷ್ಟರಲ್ಲಿ ಕೊಂಬಿನವನು ಕೂತಲ್ಲೇ ಕೇಳಿದ, "ಊದಿದರೇನು?" ಅವನ ಹಿಂದೆಯೇ ಪಾಠದಕ್ಕ. ಅಪ್ಪ ಹದಿನಾಲ್ಕಕ್ಕೆ ಹೋದ, ಹದಿನೈದಕ್ಕೆ ಹೋದ. ಬೀದಿಯಲ್ಲಿದ್ದದ್ದೇ ಹದಿನೈದು ಮನೆ.

ಆಗ ಡೋಲಿನವನು ತಮಾಷೆ ಬಿಟ್ಟು ಮಾತಾಡಿದ. ಅವನ ಕೆನ್ನೆಯ ಮೂಳೆಗಳು ಎದ್ದಿದ್ದವು. ತನ್ನ ಪಾಲಿನ ಗಂಜಿಯನ್ನು ಅವನು ಬೆಳಗಿನ ಕೊಳಲಿನವನಿಗೆ ಕೊಡುತ್ತಿದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಗದರಿರಲಿಲ್ಲ.

"ಸಾಕು ಮಾಡಮ್ಮಿ."

"ಇನ್ನು ಮೂರೇ ಮೂರು. ಇಬ್ಬರು ಹೋದರೆ ಅಪ್ಪ."

"ನೀನು ಸತ್ತವರಿಗೆ ಊದ್ತಿದ್ದೀನಿ ಅಂದುಕೊಂಡಿದ್ದೀಯ. ಅಲ್ಲ. ಸಾಯದವರಿಗೆ ಊದ್ತಿದ್ದೀಯ. ನೀನು ಒಂದು ಸಲ ಆ ಮೌರಿಯನ್ನ ನೆಟ್ಟಗೆ ಹಿಡಿದಿದ್ದರೆ ಒಬ್ಬ ಯಜಮಾನ ಸಾಯ್ತಿದ್ದ, ಒಂದು ಮದುವೆ ಆಗ್ತಿತ್ತು, ಒಂದು ಕೂಸು ಹುಟ್ಟುತ್ತಿತ್ತು. ತೊಟ್ಟಿಲಿನವಳು ಇವತ್ತು ಉಣ್ತಿದ್ದಳು."

"ನನ್ನಪ್ಪನ ಬೆನ್ನು ನಿನಗೆ ನೋಯಲ್ಲ," ಎಂದಳು ಅವಳು. "ಬೇರೆಯವರದೆಲ್ಲ ಆಯ್ತು. ಶಂಖದಜ್ಜನದು ಆಯ್ತು, ಯಾರ್‍ಯಾರದೋ ಅತ್ತೆಯದು ಆಯ್ತು. ನಮ್ಮಪ್ಪನ ಬಾಗಿಲಿಗೆ ಬರುವಾಗ ಸಾಕು ಮಾಡಬೇಕಾ? ಇಷ್ಟು ಜನರನ್ನ ದಾಟಿ ಬಂದಿದ್ದೀನಿ. ಈಗ ನಿಲ್ಲಿಸಿದರೆ ಇದೆಲ್ಲ ಯಾತಕ್ಕಾಯ್ತು?"

ಅವನು ಡೋಲನ್ನು ತೊಡೆಯ ಮೇಲೆ ಎಳೆದುಕೊಂಡು ಸಡಿಲಿದ ಹಗ್ಗ ಬಿಗಿಯುತ್ತ ಕೂತ. ಬಡಿಯಲು ಕೆಲಸವಿಲ್ಲದ ಡೋಲು, ಆದರೂ ದಿನಾ ಬಿಗಿಯುತ್ತಿದ್ದ. ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಬಿಗಿಯುತ್ತಿದ್ದ, ಜಗಲಿಯಿಂದ ಒಂದು ಮೊಳ ಕೆಳಗೆ.

ಹದಿಮೂರು ಆಯಿತು. ಹದಿನಾಲ್ಕು ಆಯಿತು. ಅವರಿಬ್ಬರನ್ನು ಬಿಟ್ಟರೆ ಬೆಳಗಿನ ಕೊಳಲಿನವನು ಮಾತ್ರ ಇನ್ನೂ ಉಸಿರಾಡುತ್ತಿದ್ದ. ಒಂದು ಇಳಿಹೊತ್ತಿನಲ್ಲಿ, ಇಳಿಹೊತ್ತಲ್ಲದೆ ಬೇರೆ ಹೊತ್ತೇ ಇರಲಿಲ್ಲವಲ್ಲ, ಅವನು ಕೊಳಲನ್ನು ಕೋಲಿನ ಹಾಗೆ ಊರಿಕೊಂಡು ಓಣಿ ಬಿಟ್ಟು ಹೋದ. ಹೋಗುವಾಗ ಡೋಲಿನವನಿಗೆ ಕೈಮುಗಿದ. ಮೌರಿಯವಳ ಕಡೆ ನೋಡಲಿಲ್ಲ.

ಈಗ ಓಣಿಯ ಬಾಯಿಂದ ಬಂಡೆಯ ತನಕ ಎಲ್ಲ ಜಗಲಿಗಳೂ ಬರಿದು. ಕಟ್ಟಕಡೆಯಲ್ಲಿ ಅಪ್ಪನೊಬ್ಬ. ಬೀದಿಯಲ್ಲಿ ಹದಿನಾಲ್ಕು ಕುರ್ಚಿ, ಉಳಿದದ್ದು ಒಂದೇ ಮನೆ, ಪಾರುಪತ್ಯಗಾರನದು.

ಅವನು ತಾನೇ ತಟ್ಟೆ ಹಿಡಿದು ಬಂದ. ಕಲ್ಲಿನ ಮೇಲೆ ವೀಳ್ಯ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. "ಮೌರೀ," ಎಂದು ಕೂಗಿ, ಸ್ವಲ್ಪ ತಗ್ಗಿದ ದನಿಯಲ್ಲಿ, "ಇವತ್ತು ನನ್ನದೇ," ಎಂದ. "ಇನ್ನೇನು ಮನೆಗೆ ಹೋಗಿ ಮಲಗಿದರೆ ಆಯ್ತು. ತಡ ಮಾಡಬೇಡ. ಹಿಂದಕ್ಕೆ ತಿರುಗಿಸೋದು ಮರೀಬೇಡ."

"ಮರೆಯಲ್ಲ ಬುದ್ಧಿ," ಎಂದಳು ಮೌರಿಯವಳು. ಅವಳು ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡಳು. ಎಷ್ಟೋ ಕಾಲದ ಮೇಲೆ ಅವಳಿಗೆ ಅದು ರುಚಿಸಿತು.

ಅವಳು ಮನೆಗೆ ಓಡಿ ನೀರು ಕಾಯಿಸಿದಳು. ಅಪ್ಪನ ಮುಖ ತೊಳೆದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದಳು, ಒಗೆದ ಪಂಚೆಯನ್ನು ತೊಡೆಯ ಮೇಲೆ ಹೊದಿಸಿದಳು. ದೊಡ್ಡಮನೆಯ ಶಾಲನ್ನು ಹೊದಿಸಲೆಂದು ತಂದು, ಒಂದು ಗಳಿಗೆ ಯೋಚಿಸಿ, ಒಲೆಗೆ ಹಾಕಿದಳು. ಅಪ್ಪನ ಎರಡು ಪಾದ ಹಿಡಿದು ಹಣೆಗೆ ಒತ್ತಿಕೊಂಡಳು.

"ಅಪ್ಪಾ, ಈ ಸಲ ನಿನಗೇ. ನಡುವೆ ಯಾರೂ ಇಲ್ಲ."

"ನಿಧಾನಕ್ಕೆ ಊದವ್ವಾ," ಎಂದ ಅಪ್ಪ. "ಮೂರನೇದಕ್ಕೆ ಅವಸರ ಮಾಡಬೇಡ. ಉಸಿರನ್ನ ಹೊಟ್ಟೆಯಿಂದ ತೆಗಿ."

ಮೆಟ್ಟಿಲ ಮೇಲೆ ಡೋಲಿನವನು ಡೋಲಿಗೆ ಒರಗಿ ಕೂತಿದ್ದ. ಹಗ್ಗದ ತುದಿ ಕೈಯಲ್ಲೇ ಇತ್ತು. ಅವಳು ಅವನನ್ನು ದಾಟಿ ಇಳಿಯುತ್ತ, "ಬರ್ತೀನಿ ಕಣೋ," ಎಂದಳು. ಅವನು ಮಾತಾಡಲಿಲ್ಲ. ಜಗಳವಾದಾಗಿನಿಂದ ಅವನ ಮಾತೇ ಕಡಿಮೆಯಾಗಿತ್ತು. ಇನ್ನೂ ಮುನಿಸೇ ಅಂದುಕೊಂಡಳು. "ಬಂದ ಮೇಲೆ ಇಬ್ಬರೂ ಊರು ಬಿಟ್ಟು ಹೋಗೋಣ," ಎಂದಳು. "ಬೇರೆ ಊರಲ್ಲಿ ಯಾರಾದರೂ ವೀಳ್ಯ ಕೊಟ್ಟಾರು. ನಿನ್ನ ಮದುವೆ ಮಾಡಿಸ್ತೀನಿ." ಒಂದು ಗಳಿಗೆ ನಿಂತು ಅವನ ಮುಖ ನೋಡಿದ್ದರೆ ಆಗುತ್ತಿತ್ತು. ಆದರೆ ಪಾರುಪತ್ಯಗಾರನ ಚಪ್ಪರದಲ್ಲಿ ಹೆಣ ಕಾಯುತ್ತಿತ್ತು. ತಡ ಮಾಡಿದರೆ ವೀಳ್ಯದ ಕೆಂಪು ಆರಿಹೋಗುತ್ತದೆ.

ಅಂದು ಅವಳು ಊದಿದ ಹಾಗೆ ಆ ಊರಿನಲ್ಲಿ ಯಾರೂ ಊದಿರಲಿಲ್ಲ. ಅವಳ ಅಪ್ಪನೂ ಊದಿರಲಿಲ್ಲ. ಮೊದಲನೆಯ ಸುತ್ತಿಗೆ ಬರಿದಾದ ಜಗಲಿಗಳ ಧೂಳು ಎದ್ದಿತು. ಎರಡನೆಯದಕ್ಕೆ ಹದಿನಾಲ್ಕು ಕುರ್ಚಿಗಳಲ್ಲಿದ್ದವರೂ ಒಮ್ಮೆ ಬೀಗದ ಕೈ ಹಿಡಿದುಕೊಂಡರು. ಮೂರನೆಯದಕ್ಕೆ ಅವಳು ಅವಸರ ಮಾಡಲಿಲ್ಲ. ಹೊಟ್ಟೆಯಿಂದ ಉಸಿರು ತೆಗೆದು, ಬರಿದಾದ ಓಣಿಯ ಉದ್ದಕ್ಕೂ ನಡೆಸಿಕೊಂಡು ಹೋಗಿ, ಮಗು ಮಲಗಿಸುವಷ್ಟು ಮೆಲ್ಲಗೆ ಕೆಳಗಿಟ್ಟಳು. ಅವಳ ಬೆನ್ನ ಹಿಂದೆ ಪಾರುಪತ್ಯಗಾರ ಎದ್ದು ಕೂತ.

ಅವಳು ಓಡಿದಳು. ಓಣಿಯ ಉದ್ದಕ್ಕೂ ಎಡವುತ್ತ ಓಡಿದಳು. ಎದೆಯೊಳಗೆ ಅಳು ಸಿದ್ಧವಾಗಿತ್ತು. ಇಷ್ಟು ಕಾಲ ಅಪಶಕುನವೆಂದು ತಡೆದಿಟ್ಟಿದ್ದ ಅಳು.

"ಊದಿದರೇನವ್ವಾ?" ಎಂದ ಅಪ್ಪ.

ಅವಳು ನಿಂತಳು.

ಮೆಟ್ಟಿಲ ಮೇಲೆ ಡೋಲಿನವನ ತಲೆ ಎದೆಯ ಮೇಲೆ ಬಾಗಿತ್ತು. ಕಣ್ಣು ಮುಚ್ಚಿತ್ತು. ಮುಷ್ಟಿ ಸಡಿಲಿ ಹಗ್ಗ ಜಾರಿಬಿದ್ದಿತ್ತು. ಜಗಲಿಗಿಂತ ಒಂದು ಮೊಳ ಕೆಳಗೆ, ಒಂದು ಮೊಳ ಈಚೆಗೆ. ಅವಳು ಅವನನ್ನು ದಾಟಿ ಇಳಿಯುವ ಮೊದಲೇ ಅವನ ಉಸಿರು ನಿಂತಿತ್ತು. ಊದಿದರೇನು ಎಂದು ಕೂಡ ಅವನು ಕೇಳಿರಲಿಲ್ಲ. ಕೇಳಿದ್ದರೆ ಅವಳು ಹೋಗುತ್ತಿದ್ದಳೋ ಇಲ್ಲವೋ, ಅದನ್ನು ಅವಳೇ ಹೇಳಬೇಕು.

"ಊದಿದೆನಪ್ಪಾ," ಎಂದಳು.

"ನನಗೇನಾ?"

"ಅಲ್ಲಪ್ಪಾ. ಅವನಿಗೆ."

"ಸರಿ," ಎಂದ ಅಪ್ಪ. "ಬೆನ್ನು ನೋಯ್ತದೆ, ಅದಕ್ಕೇ ಕೇಳಿದೆ."

ಡೋಲಿನವನು ಹಗುರವಾಗಿದ್ದ. ಅವಳೊಬ್ಬಳೇ ಎತ್ತಿಕೊಂಡು ಹೋಗಿ, ಡೋಲನ್ನೂ ಜೊತೆಗಿಟ್ಟು ಮಣ್ಣು ಮಾಡಿದಳು. ತಡೆದಿಟ್ಟಿದ್ದ ಅಳುವನ್ನೆಲ್ಲ ಅಲ್ಲೇ ಅತ್ತಳು. ಆಮೇಲೆ ದೊಡ್ಡ ಬೀದಿಗೆ ಹೋಗಿ ಹದಿನೈದು ಕುರ್ಚಿಗಳ ಮುಂದೆ ಸೆರಗೊಡ್ಡಿ ನಿಂತಳು. "ಒಂದು ವೀಳ್ಯ ಬುದ್ಧಿ. ನಿಮ್ಮಲ್ಲಿ ಯಾರಾದರೂ. ಒಣಗಿದ ಎಲೆಯಾದರೂ ಸರಿ."

ತಟ್ಟೆ ಹೊರುವ ಪಾರುಪತ್ಯಗಾರ ಕುರ್ಚಿ ಬಿಟ್ಟು ಏಳಲಿಲ್ಲ. ದೊಡ್ಡಮನೆಯ ಯಜಮಾನ ಕತ್ತನ್ನೂ ತಿರುಗಿಸದೆ ಹೇಳಿದ: "ಎಂಥ ವೀಳ್ಯ? ಈ ಊರಲ್ಲಿ ಇನ್ನು ಏನಾಗಬೇಕಾಗಿದೆ?"

ಅವಳು ಮನೆಗೆ ಬಂದು ಅಪ್ಪನ ಕಿವಿಯ ಹತ್ತಿರ ಕೂತು, ವೀಳ್ಯವಿಲ್ಲದ ಒಣ ಬಾಯಲ್ಲೇ ಊದಿದಳು. ಮೂರು ಸುತ್ತು ಊದಿದಳು, ಮೂವತ್ತು ಸುತ್ತು ಊದಿದಳು. ಬರೀ ಗಾಳಿ. "ಚೆನ್ನಾಗಿ ಊದ್ತೀಯ," ಎಂದ ಅಪ್ಪ. ಅವನು ಅವಳನ್ನು ಹೊಗಳಿದ್ದು ಅದೊಂದೇ ಸಲ.

ಆಮೇಲೆ ಅವಳು ಮೌರಿಯನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಪಕ್ಕದಲ್ಲಿ ಗೋಡೆಗೆ ಒರಗಿದಳು. ಒಲೆ ಆರಿತು. ಬೆಳಗಿಲ್ಲದ ಊರಿನಲ್ಲಿ ಎಷ್ಟು ದಿನ ಕಳೆಯಿತೆಂದು ಎಣಿಸುವುದು ಹೇಗೆ? ಪೀಪಿಯ ಓಲೆ ಒಣಗಿ ಸೀಳಿತು. ಸೆರಗಿನ ಮೇಲೆ ಧೂಳು ಕೂತಿತು. ಧೂಳು ಕೊಡವೋಣವೆಂದುಕೊಂಡಳು, ಕೈ ಏಳಲಿಲ್ಲ, ಸುಮ್ಮನಾದಳು. ಬಹಳ ಹೊತ್ತಾದ ಮೇಲೆ ಬೆನ್ನಿನ ನಡುವೆ ಎಲ್ಲೋ ಸಣ್ಣಗೆ ನೋವು ಶುರುವಾಯಿತು.

"ಊದಿದರೇನಪ್ಪಾ?" ಎಂದು ಕೇಳಿದಳು.

"ಇನ್ನೂ ಇಲ್ಲವ್ವಾ," ಎಂದ ಅಪ್ಪ.